ಕರಿಜಡೆ ಹತ್ತಿದ ಚಳಿಗಾಲ

ಆಗಲ್ಲ ಅಂದವರ ಹೆಸರು ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ನಮ್ಮಪ್ಪ ಸಿದ್ದರಾಜು. ಇನ್ನೊಬ್ಬರು ಅಪ್ಪನ ಅಕ್ಕ, ನಮ್ಮ ಜೊತೆಯಲ್ಲೇ ಇರುವ ರತ್ನತ್ತೆ. ಮೂರನೆಯವರು ಉತ್ತಪ್ಪ ಸಾರ್, ಬಂಡೆ ಹತ್ತುವವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವವರು. ಅಪ್ಪ ಹೇಳಿದ್ದು ಪಟ್ಟೇಗಾರಪಾಳ್ಯದ ನಮ್ಮ ಮನೆಯಲ್ಲಿ, ಮುದ್ದೆ ಮುರಿಯುತ್ತಾ. ಅತ್ತೆ ಹೇಳಿದ್ದು ಬೀದಿಗೆಲ್ಲ ಕೇಳುವ ಹಾಗೆ. ಉತ್ತಪ್ಪ ಸಾರ್ ಹೇಳಿದ್ದು ಬಂಡೆಯ ಬುಡದಲ್ಲಿ, ಆರು ಜನರ ಎದುರಿಗೆ: "ಈ ಹುಡುಗಿ ಲೀಡ್ ಮಾಡೋಕೆ ಲಾಯಕ್ಕಿಲ್ಲ. ಈ ಸಲ ಅಂತ ಹೇಳ್ತಿಲ್ಲ, ಯಾವತ್ತೂ." ಮೂವರೂ ನನಗೆ ಬೇಕಾದವರೇ. ಹಾಗಂತ ಅಂದದ್ದು ಮರೆತುಹೋಗುತ್ತಾ?

ಹೋದ ವಾರ ನಮ್ಮ ಬೀದಿಯ ಕೊನೆಯ ಅಪಾರ್ಟ್‌ಮೆಂಟಿಗೆ ಪ್ರೈಮರ್ ಹೊಡೀತಿದ್ದರು. ಬೆಳಿಗ್ಗೆ ಕಿಟಕಿ ತೆಗೆದೆ, ವಾಸನೆ ಸೀದಾ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಅದು ಬಣ್ಣದ ವಾಸನೆ. ನನಗೆ ಅಪ್ಪ ಮನೆಗೆ ಬಂದ ವಾಸನೆ. ಅದರ ಹಿಂದೆಯೇ ಆ ಚಳಿಗಾಲವೂ ಬಂತು, ನವೆಂಬರ್‌ನಿಂದ ಫೆಬ್ರವರಿ, ನಾಲ್ಕು ತಿಂಗಳು.

ಅಪ್ಪ ಜೂಲಾ ಪೇಂಟರ್. ಎತ್ತರದ ಕಟ್ಟಡದ ತಾರಸಿಗೆ ಹಗ್ಗ ಬಿಗಿದು, ಒಂದು ಹಲಗೆ ಮೇಲೆ ಕೂತು, ಗೋಡೆಗೆ ಬಣ್ಣ ಹೊಡೀತಾ ಕೆಳಗೆ ಇಳಿಯುವ ಕೆಲಸ. ವಿಜಯನಗರದಲ್ಲಿ ಶುರು ಮಾಡಿದವನು. ಆಮೇಲೆ ರಾಜರಾಜೇಶ್ವರಿನಗರದಲ್ಲಿ ಒಂದರ ಪಕ್ಕ ಒಂದು ಬ್ಲಾಕ್ ಎದ್ದಾಗ ಹೆಚ್ಚು ಕಮ್ಮಿ ಅಲ್ಲೇ ತೂಗಾಡುತ್ತಿದ್ದ. ಜನ ಹಗ್ಗದ ಸಿದ್ದಣ್ಣ ಅಂತಲೇ ಕರೆಯುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಬಿದ್ದವನಲ್ಲ. ಅದಕ್ಕೆ ಅವನು ಕೊಡುವ ಕಾರಣ ಒಂದೇ. ನಿನ್ನ ಗಂಟು ನೀನೇ ಕಟ್ಟು, ಇನ್ನೊಬ್ಬನ ಕೈ ಅದಕ್ಕೆ ತಾಕಬಾರದು. ನೀನೂ ಇನ್ನೊಬ್ಬನ ಗಂಟು ಮುಟ್ಟಬಾರದು. ಜೂಲಾದವರಲ್ಲಿ ಇದು ದೊಡ್ಡ ಮರ್ಯಾದೆಯ ವಿಷಯ. ಇನ್ನೊಬ್ಬನ ಗಂಟು ಎಳೆದು ನೋಡಿದರೆ ಅವನಿಗೆ ಕೆಲಸ ಬರಲ್ಲ ಅಂತ ಎಲ್ಲರೆದುರು ಹೇಳಿದ ಹಾಗೆ. ಅಪ್ಪನ ಗೆಳೆಯ ವೆಂಕಟೇಶಣ್ಣ ಅಂತ ಇದ್ದರು. ಅವರು ಊಟಕ್ಕೆ ಹೋಗಿದ್ದಾಗ ಯಾರೋ ಪುಣ್ಯಾತ್ಮ, ಸಡಿಲ ಇದೆ ಅಂತ, ಅವರ ಗಂಟು ಬಿಚ್ಚಿ ಮತ್ತೆ ಕಟ್ಟಿದ್ದನಂತೆ. ವೆಂಕಟೇಶಣ್ಣ ಬಂದು ಹಲಗೆ ಮೇಲೆ ಕೂತರು. ಅಷ್ಟೇ. ಆಗ ನಾನು ಮೂರನೇ ಕ್ಲಾಸು. ಆ ನಿಯಮ ನನಗೆ ಮಗ್ಗಿಯ ಜೊತೆಗೇ ಬಾಯಿಪಾಠ ಆಯಿತು.

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ನಾನು ಬಿ.ಕಾಂ. ಮುಗಿಸಿದೆ. ಇದನ್ನು ಸಣ್ಣ ದನಿಯಲ್ಲಿ ಹೇಳುವುದು ನನಗೆ ಬರಲ್ಲ. ರಾಜಾಜಿನಗರದ ಕಾಲೇಜಿಗೆ ಎರಡು ಬಸ್ಸು ಬದಲಿಸಿ, ಸಂಜೆ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು, ಫಸ್ಟ್ ಕ್ಲಾಸಲ್ಲಿ ಮುಗಿಸಿದೆ. ಅಪ್ಪನಿಗೆ ನಾನು ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರಬೇಕು ಅಂತ ಆಸೆ. ಆದರೆ ನನ್ನನ್ನು ಬಂಡೆಯ ದಾರಿಗೆ ಹಚ್ಚಿದ್ದೂ ಅವನೇ, ಗೊತ್ತಿಲ್ಲದೆ. ಬಸವೇಶ್ವರನಗರದಲ್ಲಿ ಒಂದು ಕ್ಲಬ್ಬಿನವರು ಹತ್ತೋದು ಕಲಿಸೋಕೆ ಎತ್ತರದ ಗೋಡೆ ಕಟ್ಟಿಸಿ, ಅದಕ್ಕೆ ಬಣ್ಣ ಹೊಡೆಯಲು ಅಪ್ಪನನ್ನು ಕರೆದಿದ್ದರು. ಊಟದ ಡಬ್ಬಿ ಕೊಡಲು ಹೋದೆ. ಪೇಂಟು ಒಣಗಿದ ಕಡೆ ಇಬ್ಬರು ಹುಡುಗಿಯರು ಹತ್ತುತ್ತಿದ್ದರು. "ನಾನೂ ಹತ್ಲಾ ಸಾರ್?" ಅಂತ ಅವರಿಗೆ ಕಲಿಸುತ್ತಿದ್ದವರನ್ನು ಕೇಳಿದೆ. ಚಪ್ಪಲಿ ಬಿಟ್ಟು ಹತ್ತಿದೆ, ತುದಿ ಮುಟ್ಟಿಯೇ ಇಳಿದೆ. ಅಪ್ಪ ಡಬ್ಬಿಯ ಮುಚ್ಚಳ ತೆಗೆಯುವುದನ್ನೇ ಮರೆತು ನೋಡುತ್ತಿದ್ದ. ಆಗ ನಕ್ಕ. ಎರಡು ವರ್ಷ ನಾನು ದಿನಾ ಅಲ್ಲಿಗೇ ಹೋಗುತ್ತೇನೆ ಅಂತ ಗೊತ್ತಿದ್ದರೆ ನಗುತ್ತಿರಲಿಲ್ಲ.

ಡಿಗ್ರಿ ಮುಗಿದ ವರ್ಷ ಕ್ಲಬ್ಬಿನವರು ಒಂದು ಮಾತು ಹೇಳಿದರು. ಲೀಡ್ ಸರ್ಟಿಫಿಕೇಟ್ ತಂದರೆ ಕಲಿಸುವ ಕೆಲಸಕ್ಕೆ ತಗೊಳ್ತೀವಿ. ಲೀಡ್ ಅಂದರೆ ಮೇಲಿಂದ ಹಗ್ಗದ ಆಸರೆ ಇಲ್ಲದೆ ಮೊದಲು ಹತ್ತುವುದು. ಬಂಡೆಯಲ್ಲಿ ಹೊಡೆದಿರುವ ಮೊಳೆಗಳಿಗೆ ಕೊಂಡಿ ಹಾಕಿ, ಹಗ್ಗ ಸೇರಿಸುತ್ತಾ ಹೋಗಬೇಕು. ಕೈ ತಪ್ಪಿದರೆ ಕೊನೆಯ ಕೊಂಡಿಯಿಂದ ಮೇಲೆ ಎಷ್ಟು ಹೋಗಿದ್ದೀಯೋ ಅದರ ಎರಡರಷ್ಟು ಬೀಳುತ್ತೀಯ. ಪರೀಕ್ಷೆ ಮಾಗಡಿ ರಸ್ತೆಯಾಚೆಯ ಗೂಳಿಬಂಡೆಯಲ್ಲಿ. ಮಳೆನೀರು ಇಳಿದಿಳಿದು ಅದರ ಮೈಮೇಲೆ ಒಂದು ಕಪ್ಪು ಪಟ್ಟೆ ಬಿದ್ದಿದೆ, ನೆತ್ತಿಯಿಂದ ಸೊಂಟದ ತನಕ. ಊರಿನವರು ಕರಿಜಡೆ ಅನ್ನುತ್ತಾರೆ. ಆ ಜಡೆ ಹಿಡಿದು ಹೋಗುವ ದಾರಿಗೂ ಅದೇ ಹೆಸರು. ಒಂದೇ ಹಗ್ಗದಲ್ಲಿ ಮುಗಿಯುವ ಎತ್ತರವಲ್ಲ. ಐದು ಹಂತ. ಒಂದೊಂದು ಹಂತಕ್ಕೂ ನಿಂತು, ಜೊತೆಯವಳನ್ನು ಮೇಲೆ ಕರೆಸಿಕೊಂಡು, ಮತ್ತೆ ಹೊರಡಬೇಕು.

ಮನೆಯಲ್ಲಿ ಹೇಳಿದೆ. ಅಪ್ಪನ ಕೈಯಲ್ಲಿದ್ದ ಮುದ್ದೆ ತುತ್ತು ಅಲ್ಲೇ ನಿಂತಿತು.

"ಹಗ್ಗದಲ್ಲಿ ನೇತಾಡೋದು ನನ್ ತಲೆಗೇ ಮುಗೀಲಿ ಅಂತ ಕಣೇ ನಿನ್ನ ಓದ್ಸಿದ್ದು. ನಿನ್ ಕೈಲಿ ಆಗೋದೂ ಇಲ್ಲ, ಆಗೋದೂ ಬೇಡ."

ರತ್ನತ್ತೆ ಒಳಗಿಂದಲೇ ಕೂಗಿದಳು. "ಮಂಗ ಆದ್ರೂ ಹಣ್ಣು ಸಿಗುತ್ತೆ ಅಂತ ಹತ್ತುತ್ತೆ. ನಿಂಗೆ ಅಲ್ಲೇನಿದೆಯೇ ಮಂಜುಳಾ? ಡಿಗ್ರಿ ಮಾಡಿ ಬಂಡೆ ಹತ್ತಿದ್ಲಂತೆ! ಮೊಣಕೈ ತರಚಿರೋ ಹುಡುಗೀನ ಯಾವೋನು ನೋಡೋಕ್ ಬರ್ತಾನೆ?"

"ಮೊಣಕೈ ನೋಡೋಕೆ ಬರೋನು ನಂಗೂ ಬೇಡ ಬಿಡತ್ತೆ," ಅಂದೆ.

ಕೊನೆಗೆ ಅಪ್ಪ ಒಂದು ಗೆರೆ ಎಳೆದ. ಈ ಚಳಿಗಾಲ ಮುಗಿಯೋದರೊಳಗೆ ಸರ್ಟಿಫಿಕೇಟ್ ಬಂದರೆ ಸರಿ. ಬರಲಿಲ್ಲ ಅಂದರೆ ಹತ್ತುವ ಶೂ ಅವನ ಕೈಗೆ ಕೊಟ್ಟು, ಬ್ಯಾಂಕ್ ಪರೀಕ್ಷೆಗೆ ಕೂರಬೇಕು. ಒಪ್ಪಿದೆ. ನನ್ನ ಬಲದ ಮೇಲೆ ಅಷ್ಟು ಸೊಕ್ಕು ಇತ್ತು ಆಗ.

ನವೆಂಬರ್‌ನಲ್ಲಿ ಮೊದಲ ಪರೀಕ್ಷೆ. ಜೊತೆಗೆ ಸ್ನೇಹಾ, ರಾಜರಾಜೇಶ್ವರಿನಗರದವಳು. ಅವರ ಬ್ಲಾಕಿಗೆ ಬಣ್ಣ ಹೊಡೆದಿದ್ದು ನಮ್ಮಪ್ಪನೇ ಅಂತ ಆಮೇಲೆ ಗೊತ್ತಾಗಿ, "ನಮ್ಮ ಬಾಲ್ಕನಿಗೆ ಅಷ್ಟು ಕೆಟ್ಟ ಹಳದಿ ಯಾಕೆ ಹೊಡೆದ್ರು, ಕೇಳೇ," ಅಂತ ನಗುತ್ತಿದ್ದವಳು. ಬಂಡೆಗಿನ್ನೂ ಬಿಸಿಲು ಬಿದ್ದಿರಲಿಲ್ಲ. ಮುಟ್ಟಿದರೆ ಫ್ರಿಡ್ಜಿನಿಂದ ತೆಗೆದ ಪಾತ್ರೆಯ ಹಾಗಿತ್ತು. ಹಗ್ಗದ ಒಂದು ತುದಿ ನನಗೆ ಕಟ್ಟಿಕೊಂಡೆ, ಇನ್ನೊಂದು ತುದಿ ಅವಳು ಕಟ್ಟಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಅಮ್ಮನ ಫೋನು ಬಂತು, ತಿಂಡಿ ತಿಂದ್ಯಾ ಅಂತ. ಮಾತಾಡುತ್ತಲೇ ಕಟ್ಟಿದಳು. ನಾನು ನೋಡಿದೆ. ನೋಡಿ, ಮುಖ ಆ ಕಡೆ ತಿರುಗಿಸಿದೆ. ಅವಳ ಗಂಟು ಅವಳದು.

ಅವಳು ನನ್ನ ಗಂಟು ನೋಡಲು ಬಂದಾಗ ಅದರ ಮೇಲೆ ಅಂಗೈ ಇಟ್ಟುಬಿಟ್ಟೆ. "ಸರಿ ಇದೆ ಬಿಡೇ," ಅಂದೆ.

ಉತ್ತಪ್ಪ ಸಾರ್ ಎಲ್ಲವನ್ನೂ ನೋಡುತ್ತಾ ನಿಂತಿದ್ದರು. ಮೀಸೆ ನೆರೆತ, ಮಾತು ಕಮ್ಮಿಯ ಮನುಷ್ಯ. "ಒಬ್ಬರದೊಬ್ಬರು ಚೆಕ್ ಮಾಡ್ಕೊಂಡ್ರಾ?"

"ಹೂಂ ಸಾರ್."

ಸ್ನೇಹಾಳ ಹತ್ತಿರ ಹೋಗಿ, ಅವಳ ಸೊಂಟದಲ್ಲಿದ್ದ ಹಗ್ಗ ಎರಡು ಬೆರಳಲ್ಲಿ ಹಿಡಿದು ಎಳೆದರು. ಹಗ್ಗ ಸರಕ್ ಅಂತ ಪೂರ್ತಿ ಅವರ ಕೈಗೇ ಬಂತು. ಗಂಟು ಅರ್ಧ ಮಾತ್ರ ಹಾಕಿದ್ದಳು. ಅದೇ ಗಂಟಲ್ಲಿ ಅವಳು ನನ್ನ ಹಿಂದೆ ಹತ್ತಿ, ಎಲ್ಲಾದರೂ ಕೈಬಿಟ್ಟಿದ್ದರೆ ಹಗ್ಗ ನನ್ನ ಕೈಯಲ್ಲಿ ಇರುತ್ತಿತ್ತು, ಅವಳು ಇರುತ್ತಿರಲಿಲ್ಲ.

"ಯಾಕೆ ಚೆಕ್ ಮಾಡ್ಲಿಲ್ಲ?"

"ಅವಳ ಗಂಟು ಸಾರ್. ಮುಟ್ಟಬಾರದು."

ಯಾರೋ ನಕ್ಕರು. ಉತ್ತಪ್ಪ ಸಾರ್ ನಗಲಿಲ್ಲ. ಆಗ ಹೇಳಿದರು ಆ ಮಾತು, ಯಾವತ್ತೂ ಅಂತ. ನೆಲದಿಂದ ಒಂದಡಿ ಮೇಲೆ ಹೋಗದೆ ನಾನು ಫೇಲಾದೆ. ಕಾಲೇಜಿನಲ್ಲಿ ಯಾವ ಪೇಪರಲ್ಲೂ ಹಾಗೆ ಆಗಿರಲಿಲ್ಲ.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೇ ಚೆನ್ನಾಗಿತ್ತು.

"ನೀನು ಮಾಡಿದ್ದೇ ಸರಿ ಕಣೇ," ಅಂದ. ಮುಖದಲ್ಲಿ ಹೆಮ್ಮೆ. "ಕಸುಬಿನ ಮರ್ಯಾದೆ ಅವರಿಗೇನು ಗೊತ್ತು?"

ನನಗೆ ಎಲ್ಲಿಂದ ಸಿಟ್ಟು ಬಂತೋ. "ಸರಿ ಅಲ್ಲ ಅಪ್ಪ. ಅವಳು ಸಾಯ್ತಿದ್ಲು."

"ಅವಳು ಕಟ್ಟಿದ್ದು ತಪ್ಪು. ನಿಂದೇನು?"

"ಜೂಲಾದಲ್ಲಿ ಒಂದು ಹಗ್ಗ, ಒಬ್ಬ ಮನುಷ್ಯ. ಅಲ್ಲಿ ಒಂದು ಹಗ್ಗಕ್ಕೆ ಇಬ್ಬರು. ಅವಳ ಗಂಟು ನನ್ ಗಂಟೇ. ನಿನ್ ನಿಯಮ ಅಲ್ಲಿ ನಡಿಯಲ್ಲ."

"ನಿಯಮ ಇಲ್ದಿದ್ದಕ್ಕೇ ವೆಂಕಟೇಶ ಹೋಗಿದ್ದು!"

"ವೆಂಕಟೇಶಣ್ಣ ಬಂದು ಕೂರೋ ಮೊದಲು ಇನ್ನೊಬ್ಬರು ಆ ಗಂಟು ಎಳೆದು ನೋಡಿದ್ರೆ ಉಳೀತಿದ್ರು ಅಪ್ಪ."

ಆ ಮಾತು ಆಡಬಾರದಿತ್ತೇನೋ. ಆಡಿದೆ. ಅಪ್ಪ ಎದ್ದು ನಿಂತ. "ಓದಿದೀನಿ ಅಂತ ನಂಗೇ ಹಗ್ಗ ಕಲಿಸ್ತೀಯಾ?"

"ಓದ್ಸಿದ್ದು ನೀನೇ. ಓದಿದ್ಮೇಲೆ ಪ್ರಶ್ನೆ ಕೇಳ್ಬೇಡ ಅಂದ್ರೆ ಹೆಂಗೆ?"

ಹದಿನೈದು ದಿನ ನಾವು ಮಾತಾಡಲಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ. ಅತ್ತೆಗೆ ಅದೊಂದು ಹಬ್ಬ. "ನಿಮ್ಮಪ್ಪಂಗೆ ಸಾರು ಸಪ್ಪೆಯಂತೆ." "ನಿನ್ ಮಗಳು ಉಪ್ಪು ಅಲ್ಲೇ ಇದೆ ಅಂತಾಳೆ ಕಣಪ್ಪ."

ಆದರೆ ಬಾಯಲ್ಲಿ ವಾದ ಗೆದ್ದರೆ ಕೈ ಕೇಳಬೇಕಲ್ಲ. ಶನಿವಾರ, ಭಾನುವಾರ ಮೊದಲ ಬಸ್ಸಿಗೆ ಗೂಳಿಬಂಡೆಗೆ ಹೋಗುತ್ತಿದ್ದೆವು ನಾನೂ ಸ್ನೇಹಾನೂ. ಡಿಸೆಂಬರ್ ಮಂಜಿನಲ್ಲಿ ಬಂಡೆ ಹತ್ತಿರ ಹೋಗುವ ತನಕ ಕಾಣುತ್ತಲೇ ಇರಲಿಲ್ಲ. ಪ್ರತಿ ಸಲ ಹೊರಡುವ ಮೊದಲು ಅವಳ ಗಂಟು ಹಿಡಿದು ಎಳೆಯಬೇಕು. ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ ಅನಿಸುತ್ತಿತ್ತು. ಅವಳು ನನ್ನ ಗಂಟು ಮುಟ್ಟಿದಾಗ ಇನ್ನೂ ಕಷ್ಟ, ಉಸಿರು ಬಿಗಿಹಿಡಿದು ಆಕಾಶ ನೋಡುತ್ತಿದ್ದೆ.

"ಉಸಿರು ಬಿಡೇ, ನಾನೇನು ಡಾಕ್ಟರಾ?" ಅನ್ನುತ್ತಿದ್ದಳು ಸ್ನೇಹಾ.

ಜನವರಿ ಹೊತ್ತಿಗೆ ಕೈ ತಾನಾಗೇ ಹೋಗತೊಡಗಿತು. ಬೆರಳ ತುದಿ ಸುಲಿದು, ಗಟ್ಟಿಯಾಗಿ, ಮತ್ತೆ ಸುಲಿಯಿತು. ಮೊದಲ ಮೂರು ಹಂತ ನನಗೆ ಒಲಿದವು. ಇಳಿಜಾರು, ಆಮೇಲೆ ಮುಷ್ಟಿ ತುರುಕಿ ಹತ್ತುವ ಬಿರುಕು, ಆಮೇಲೆ ಜಡೆಯ ನುಣುಪು, ಅಲ್ಲಿ ಹಿಡಿಯೋಕೆ ಏನೂ ಇಲ್ಲ, ಶೂ ತಳವನ್ನು ನಂಬಿ ನಿಲ್ಲಬೇಕು. ನಾಲ್ಕನೆಯದು ಮಾತ್ರ ಒಲಿಯಲಿಲ್ಲ. ಅಲ್ಲಿ ಬಂಡೆ ಬಸುರಿಯ ಹೊಟ್ಟೆಯ ಹಾಗೆ ಹೊರಗೆ ಉಬ್ಬಿದೆ. ಪ್ರತಿ ಸಲ ಅಲ್ಲೇ ಬೀಳುತ್ತಿದ್ದೆ.

ಫೆಬ್ರವರಿಯಲ್ಲಿ ಉತ್ತಪ್ಪ ಸಾರ್ ಮನೆಗೇ ಹೋದೆ. ಅವರು ಗೇಟಿನಲ್ಲೇ, "ಹೇಳಿದ್ನಲ್ಲಮ್ಮ," ಅಂದರು.

"ನೀವು ಹೇಳಿದ್ದು ಸರಿ ಸಾರ್, ಯಾವತ್ತೂ ಅನ್ನೋದೊಂದು ಬಿಟ್ಟು. ಇನ್ನೊಂದು ಸಲ ನೋಡಿ. ಮಾರ್ಚ್ ಬಂದ್ರೆ ಬಂಡೆ ಕಾದುಹೋಗುತ್ತೆ, ನಂಗೆ ಟೈಮಿಲ್ಲ."

ನನ್ನ ಸುಲಿದ ಬೆರಳುಗಳನ್ನು ನೋಡಿದರು. "ಭಾನುವಾರ ಏಳು ಗಂಟೆ. ಒಂದು ಸಲ ಬಿದ್ರೆ ಬಿಡ್ತೀನಿ. ಎರಡನೇ ಸಲ ಬಿದ್ರೆ ಮುಗೀತು."

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದ. "ನಾನೂ ಬರ್ತೀನಿ. ಆಗ್ಲಿಲ್ಲ ಅಂದ್ರೆ ಶೂ ಅಲ್ಲೇ ಇಸ್ಕೊಂಡು ಬಂದ್ಬಿಡ್ತೀನಿ." ಅತ್ತೆ ಬುತ್ತಿಗೆ ಚಿತ್ರಾನ್ನ ಕಟ್ಟಿಕೊಡುತ್ತಾ, "ಬಿದ್ದಾದ್ಮೇಲೆ ತಿನ್ನಿ, ಮೊದಲೇ ತಿಂದ್ರೆ ವಾಂತಿ ಆಗುತ್ತೆ," ಅಂತ ಹಾರೈಸಿದಳು.

ಬಂಡೆಯ ಬುಡಕ್ಕೆ ಬಂದು, ಅಪ್ಪ ಕತ್ತು ಹಿಂದಕ್ಕೆ ಬಾಗಿಸಿ ಮೇಲಿನ ತನಕ ನೋಡಿದ. ಎಷ್ಟೋ ಕಟ್ಟಡ ನೋಡಿದ ಕಣ್ಣು. ಉತ್ತಪ್ಪ ಸಾರ್ ತಮ್ಮ ಕುತ್ತಿಗೆಯ ದುರ್ಬೀನು ತೆಗೆದು ಅವನಿಗೆ ಕೊಟ್ಟರು. "ಇಟ್ಕೊಳ್ಳಿ. ಇಲ್ಲಾಂದ್ರೆ ಕೆಳಗಿಂದ ಏನೂ ಕಾಣಲ್ಲ."

ನಾನು ಗಂಟು ಕಟ್ಟಿದೆ. ಸ್ನೇಹಾ ಕಟ್ಟಿದಳು, ಈ ಸಲ ಫೋನು ಚೀಲದಲ್ಲಿ. ನಾನು ಹೋಗಿ ಅವಳ ಗಂಟು ಹಿಡಿದು, ಎಳೆ ಎಳೆ ನೋಡಿ, ಎರಡು ಸಲ ಜಗ್ಗಿ, "ಸರಿ ಇದೆ," ಅಂತ ಗಟ್ಟಿಯಾಗಿ ಹೇಳಿದೆ. ಆಮೇಲೆ ಕೈ ಎರಡೂ ಪಕ್ಕಕ್ಕೆ ಬಿಟ್ಟು ನಿಂತೆ. ಅಪ್ಪನ ಎದುರಿಗೇ ಅವಳು ನನ್ನ ಗಂಟಿಗೆ ಕೈ ಹಾಕಿದಳು. ಅಪ್ಪ ಮುಖ ತಿರುಗಿಸಿದ. ನಾನು ತಿರುಗಿಸಲಿಲ್ಲ. ಇಪ್ಪತ್ತೈದು ವರ್ಷ ಬೀಳದವನ ಮಗಳು, ಅವನ ನಿಯಮ ಅವನ ಕಣ್ಣೆದುರೇ ಮುರಿಯುತ್ತಿದ್ದೇನೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಪ್ಪು ಅನಿಸಲಿಲ್ಲ.

ಮೂರು ಹಂತ ಹೇಗೆ ಹೋದವೋ. ಬಿರುಕಿನಲ್ಲಿ ಮುಷ್ಟಿಯ ಚರ್ಮ ಕಿತ್ತಿದ್ದು ನೆನಪಿದೆ, ಜಡೆಯ ಮೇಲೆ ಗಾಳಿ ಬೀಸಿ ಕಿವಿ ತಣ್ಣಗಾಗಿದ್ದು ನೆನಪಿದೆ. ಉತ್ತಪ್ಪ ಸಾರ್ ಪಕ್ಕದಲ್ಲಿ ಮೊದಲೇ ಇಳಿಬಿಟ್ಟಿದ್ದ ಹಗ್ಗ ಹಿಡಿದು ಜೊತೆಗೇ ಬರುತ್ತಿದ್ದರು.

ನಾಲ್ಕನೇ ಹಂತ. ಬಂಡೆಯ ಆ ಉಬ್ಬಿನ ಕೆಳಗೆ ಕೊಂಡಿ ಹಾಕಿದೆ. ಬಲಗೈ ಮೇಲಿನ ಅಂಚಿಗೆ ಚಾಚಿದೆ, ಸಿಕ್ಕಿತು. ಎಡಗಾಲು ಎತ್ತಬೇಕು ಅನ್ನುವಷ್ಟರಲ್ಲಿ ಬೆರಳು ಒಂದೊಂದಾಗಿ ಬಿಚ್ಚಿದವು. ಬಿದ್ದೆ. ಸ್ನೇಹಾ ಹಿಡಿದಳು. ಮೊಣಕಾಲು ಬಂಡೆಗೆ ಬಡಿದು ಚರ್ಮ ಹೋಯಿತು. ಎಲ್ಲಾ ನಿಂತ ಮೇಲೆ ನೋಡಿದರೆ ಆಕಾಶದಲ್ಲಿ ನಿಧಾನಕ್ಕೆ ತಿರುಗುತ್ತಾ ತೂಗಾಡುತ್ತಿದ್ದೇನೆ. ಇಂಥಲ್ಲಿ ಅತ್ತವರನ್ನು ಕಂಡಿದ್ದೇನೆ. ನನಗೆ ಅಳು ಬರಲಿಲ್ಲ. ತೂಗಾಡುವುದು ನಮ್ಮ ಮನೆಯ ಕೆಲಸ ಅಲ್ಲವಾ? ಹಗ್ಗದಲ್ಲಿ ಕೂತು ಮಂಡಿಯ ರಕ್ತ ಒರೆಸಿಕೊಂಡೆ.

"ಕೈ ನಡುಗ್ತಿದ್ರೆ ಇಳಿಯೋಣಮ್ಮ," ಅಂದರು ಉತ್ತಪ್ಪ ಸಾರ್. "ನಾಚಿಕೆ ಏನಿಲ್ಲ."

"ಕೈ ನಡುಗ್ತಿದೆ ಸಾರ್. ಇಳಿಯಲ್ಲ."

ಸ್ನೇಹಾ ನನ್ನನ್ನು ತಾನು ನಿಂತಿದ್ದ ಜಾಗಕ್ಕೆ ಇಳಿಸಿಕೊಂಡಳು. ಬಿದ್ದ ಮೇಲೆ ಗಂಟು ಕಲ್ಲಾಗಿತ್ತು. ನಾನು ಕೇಳುವ ಮೊದಲೇ ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೆ, ಹೋಗು," ಅಂದಳು. ಒಂದು ಗುಟುಕು ನೀರು ಕುಡಿದು ಹೊರಟೆ. ಎರಡನೇ ಸಲ ನಾಜೂಕು ಗೀಜೂಕು ಏನೂ ಇರಲಿಲ್ಲ. ಬಲಗೈ ಅಂಚಿಗೆ ಹೋಯಿತು. ಮೈಯ ಪೂರ್ತಿ ಭಾರ ಅದರ ಮೇಲೇ ಹಾಕಿ, ಹಲ್ಲು ಕಚ್ಚಿ, ಎತ್ತು ಗಾಡಿ ಎಳೆಯುವ ಹಾಗೆ ನನ್ನನ್ನು ನಾನೇ ಎಳೆದೆ. ಬಾಯಿಂದ ಎಂಥದ್ದೋ ಕೂಗು ಬಂತು, ಕೆಳಗೆ ಹೊಲದಲ್ಲಿದ್ದ ಎಮ್ಮೆಗಳು ತಲೆ ಎತ್ತಿದವಂತೆ. ಎದೆ ಅಂಚಿನ ಮೇಲೆ ಬಿತ್ತು. ಆಮೇಲೆ ಹೊಟ್ಟೆ. ಆಮೇಲೆ ಮಂಡಿ. ಮುಂದಿನ ಕೊಂಡಿ ಹಾಕಿದಾಗ ಬಂದ ಕ್ಲಿಕ್ ಶಬ್ದದಷ್ಟು ಸಿಹಿ ಇನ್ನೊಂದು ಶಬ್ದ ನಾನು ಕೇಳಿಲ್ಲ.

ಐದನೆಯದು ಸುಲಭದ ಹಂತ. ಮೇಲೆ ಬಂಡೆಯ ನೆತ್ತಿಯಲ್ಲಿ ಬಿಸಿಲು ಕಾಯುತ್ತಾ ಒಂದು ಓತಿಕ್ಯಾತ ಕೂತಿತ್ತು. ನಮ್ಮನ್ನು ನೋಡಿ ಎರಡು ಸಲ ತಲೆ ಆಡಿಸಿ ಹೋಯಿತು. "ನೋಡೇ, ಅದು ದಿನಾ ಬರುತ್ತೆ, ಸರ್ಟಿಫಿಕೇಟ್ ಇಲ್ಲ ಪಾಪ," ಅಂದಳು ಸ್ನೇಹಾ. ಪೂರ್ವದಲ್ಲಿ ದೂರಕ್ಕೆ ನಮ್ಮ ಊರು, ಬೂದಿ ಬಣ್ಣದ ಗೆರೆಯ ಹಾಗೆ.

ಕೆಳಗೆ ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಉತ್ತಪ್ಪ ಸಾರ್ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ನನ್ನ ಹೆಸರು ಬರೆದರು, ಸಹಿ ಹಾಕಿದರು. ಕೊಡುವಾಗ ಮೀಸೆಯಲ್ಲೇ ನಕ್ಕರು. "ನಾನು ನನ್ ಮಾತು ತಪ್ಪಿಲ್ಲಮ್ಮ. ನವೆಂಬರ್‌ನಲ್ಲಿ ಬಂದಿದ್ದ ಹುಡುಗಿ ಇವತ್ತೂ ಪಾಸಾಗಿಲ್ಲ. ಇದು ಬೇರೆ ಹುಡುಗಿ."

"ಅದೇ ಹುಡುಗಿ ಸಾರ್," ಅಂದೆ. "ಸಿದ್ದರಾಜು ಮಗಳು."

ಸರ್ಟಿಫಿಕೇಟ್ ಅಪ್ಪನ ಕೈಗೆ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಆದರೂ ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿದ, ಗೋಡೆಯಲ್ಲಿ ಬಿರುಕು ಹುಡುಕುವ ಹಾಗೆ. ಮಡಿಸಲಿಲ್ಲ. ಎರಡು ಅಂಗೈ ಮಧ್ಯೆ ಹಿಡಿದುಕೊಂಡ. ಆಮೇಲೆ ಬಂಡೆಯ ಕಡೆ ತಿರುಗಿ, ಹೊಟ್ಟೆ ಉಬ್ಬಿದ ಆ ಜಾಗಕ್ಕೆ ಗದ್ದ ಎತ್ತಿ ತೋರಿಸಿದ. ಜೊತೆಯ ಕೆಲಸದವರ ಹತ್ತಿರ ಮಾತ್ರ ಆಡುವ ದನಿ ಅದು. ನನ್ನ ಹತ್ತಿರ ಯಾವತ್ತೂ ಆಡಿದ್ದಿಲ್ಲ.

"ಆ ಉಬ್ಬಿನ ಹತ್ರ ಎಡಗಾಲು ಇನ್ನೊಂದ್ ಗೇಣು ಮೇಲೆ ಇಡಬೇಕಿತ್ತು ನೀನು. ಬಲಗೈಗೆ ಸುಮ್ನೆ ಅಷ್ಟು ಭಾರ ಕೊಟ್ಟೆ. ಮುಂದಿನ್ ಸಲ ನೋಡ್ಕೊ."